ಎದುರಿಗೆ ಚೈನ್ ಕೆಫೆ, ಪಕ್ಕಕ್ಕೆ ಡೋನಟ್ ಅಂಗಡಿ: ಮಾವನ ಕಾಫಿ ಬಾರ್ ಉಳಿಯುತ್ತಾ?

ವಿಜಯನಗರದವ
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ವಿಜಯನಗರದಲ್ಲಿ ನಮ್ಮ ಸೋದರಮಾವಂದು ಒಂದು ಸಣ್ಣ ಕಾಫಿ ಬಾರ್ ಇದೆ. ನಿಂತು ಕುಡಿಯೋದು, ಕುರ್ಚಿ ಇಲ್ಲ. ಬೆಳಿಗ್ಗೆ ಇಡ್ಲಿ-ವಡೆ, ಖಾರಾಬಾತ್, ಸಂಜೆ ಬೋಂಡ, ಮಿಕ್ಕಂತೆ ಇಡೀ ದಿನ ಕಾಫಿ, ಟೀ, ಬಾದಾಮಿ ಹಾಲು. ಎದುರಿನ ಮೂಲೆ ಕಟ್ಟಡಕ್ಕೆ ಈಗ ದೊಡ್ಡ ಕಾಫಿ ಚೈನ್ ಬರ್ತಿದೆ, ಅದರ ಪಕ್ಕದ ಮಳಿಗೆಗೆ ಡೋನಟ್ ಅಂಗಡಿ. ಬೋರ್ಡ್ ಹಾಕಿ ಆಗಿದೆ. ಸಾಲ ಮಾಡಿ ಕ್ಯಾಪುಚಿನೋ ಮಷೀನ್ ತಗೊಂಡು ಒಂದು ನಾಲ್ಕು ಟೇಬಲ್ ಹಾಕಿಬಿಡೋಣ ಅಂತ ಅತ್ತೆ ಹೇಳ್ತಿದ್ದಾರೆ. ಮಾವ ಬೇಡ ಅಂತಾರೆ, ಆದರೆ ರಾತ್ರಿ ನಿದ್ದೆ ಮಾಡ್ತಿಲ್ಲ. ಈ ಲೈನಲ್ಲಿ ಅನುಭವ ಇರೋರು ಸ್ವಲ್ಪ ಹೇಳಿ.

ಗಾಂಧಿಬಜಾರ್ ಗುಂಡ
ಗುರು, ಬೆಳಿಗ್ಗೆ ಆರು ಗಂಟೆಗೆ ವಾಕಿಂಗ್ ಮುಗಿಸಿ ಬರೋ ತಾತಂದಿರು ಯಾವತ್ತಾದರೂ ಇನ್ನೂರೈವತ್ತು ಕೊಟ್ಟು ಕಾಫಿ ಕುಡೀತಾರಾ? ಬೈಟು ಕೇಳಿದರೆ ಅಲ್ಲಿನ ಹುಡುಗ ಏನು ಅಂತ ಕೇಳ್ತಾನೆ. ಮಾವ ಆರಾಮಾಗಿ ನಿದ್ದೆ ಮಾಡಲಿ.

ಮಾಜಿ ಬರಿಸ್ತಾ
ನಾನು ಒಂದು ಚೈನಲ್ಲಿ ಕೌಂಟರ್ ಹಿಂದೆ ನಿಂತು ಶುರು ಮಾಡಿ ಸ್ಟೋರ್ ಮ್ಯಾನೇಜರ್ ಆಗೋವರೆಗೂ ಇದ್ದವಳು. ಗುಂಡ ಅವರು ಹೇಳಿದ್ದು ಅರ್ಧ ಸರಿ. ನಮಗೆ ಬೆಳಿಗ್ಗೆ ಆರು ಗಂಟೆಯ ಗಿರಾಕಿ ಬೇಕಾಗಿರಲೇ ಇಲ್ಲ. ನಮ್ಮ ವ್ಯಾಪಾರ ಹನ್ನೊಂದರ ಮೇಲೆ ಶುರು: ಲ್ಯಾಪ್‌ಟಾಪ್ ತಂದವರು, ಇಂಟರ್‌ವ್ಯೂ ಮಾಡೋರು, ಸೈಟ್ ಬ್ರೋಕರ್‌ಗಳು, ಮನೇಲಿ ಮಾತಾಡೋಕೆ ಜಾಗ ಇಲ್ಲದ ಹುಡುಗ ಹುಡುಗಿಯರು. ಅವರು ಕೊಡೋದು ಕುರ್ಚಿ, ಎಸಿ, ವೈಫೈ, ಶೌಚಾಲಯಕ್ಕೆ. ಕಾಫಿ ಅದರ ರಸೀದಿ ಅಷ್ಟೇ. ಒಂದು ಲೋಟ ತಗೊಂಡು ಎರಡು ಗಂಟೆ ಕೂತರೂ ಎಬ್ಬಿಸಬಾರದು ಅಂತ ನಮಗೆ ಟ್ರೇನಿಂಗ್‌ನಲ್ಲೇ ಹೇಳಿಕೊಡ್ತಿದ್ರು.

ನಿಮ್ಮ ಮಾವನ ಅಂಗಡೀಲಿ ಅದೇ ಎರಡು ಗಂಟೇಲಿ ಒಂದು ಅಡಿ ಕಟ್ಟೆ ಮೇಲೆ ಎಷ್ಟು ಜನ ಲೋಟ ಇಟ್ಟು ಹೋಗ್ತಾರೆ ಅಂತ ನಿಂತು ನೋಡಿ. ಅತ್ತೆಯವರಿಗೆ ಬೇಜಾರಾಗದ ಹಾಗೆ ಹೇಳಿ: ನಾಲ್ಕು ಟೇಬಲ್ ಹಾಕಿದ ದಿನವೇ ಆ ಜಾಗದ ಲೆಕ್ಕ ಕೆಡುತ್ತೆ.

ಪುಡಿ ಅಂಗಡಿ
ನಾವು ಮೂರು ತಲೆಮಾರಿಂದ ಕಾಫಿ ಪುಡಿ ಹುರಿದು ಮಾರೋರು. ಹೋಟೆಲ್‌ಗಳಿಗೂ ಕೊಡ್ತೀವಿ. ಚೈನ್ ಬಂದಿದ್ದಕ್ಕೆ ಬಾಗಿಲು ಹಾಕಿದ ದರ್ಶಿನಿ ನಮ್ಮ ಗಿರಾಕಿಗಳಲ್ಲಿ ನನಗೆ ನೆನಪಿಲ್ಲ. ಬಾಗಿಲು ಹಾಕಿದ್ದೆಲ್ಲ ಮೂರು ಕಾರಣಕ್ಕೆ: ಬಾಡಿಗೆ, ಕೆಲಸದ ಹುಡುಗರು ಸಿಗದೇ ಇರೋದು, ಮಕ್ಕಳು ಗಲ್ಲಾದಲ್ಲಿ ಕೂರಲ್ಲ ಅಂದಿದ್ದು.

ಈಗ ನಾಲ್ಕನೇದು ಸೇರಿಕೊಂಡಿದೆ. ಬ್ರೆಜಿಲ್, ವಿಯೆಟ್ನಾಂ ಎರಡೂ ಕಡೆ ಮಳೆ ಕೈಕೊಟ್ಟು 2024ರಿಂದ ಬೀಜದ ರೇಟು ಹತ್ತಿದ ಹತ್ತುವಿಕೆ ನೋಡಿದರೆ ತಲೆ ತಿರುಗುತ್ತೆ. ಮೊದಲೆಲ್ಲ ರೋಬಸ್ಟಾ ಅಂದರೆ ಅಗ್ಗದ ಮಾಲು, ಬೆರಕೆಗೆ ಅಂತ ತಗೊಳ್ತಿದ್ವಿ, ಅದೂ ಮುಟ್ಟೋ ಹಾಗಿಲ್ಲ. ಹಾಲು ನೋಡಿ, 2025ರ ಏಪ್ರಿಲ್ ಒಂದರಿಂದ ನಂದಿನಿ ಲೀಟರಿಗೆ ನಾಲ್ಕು ರೂಪಾಯಿ ಒಂದೇ ಸಲಕ್ಕೆ ಏರಿತು. ಒಂದು ಕೆಜಿ ಪುಡೀಲಿ ಹದವಾದ ಡಿಕಾಕ್ಷನ್ ಇಳಿಸಿದರೆ ನೂರು ಲೋಟದ ಆಸುಪಾಸು ಬರುತ್ತೆ. ಪುಡಿ, ಹಾಲು, ಸಕ್ಕರೆ, ಗ್ಯಾಸ್ ಸೇರಿಸಿ ನೋಡಿ, ಇಪ್ಪತ್ತು ರೂಪಾಯಿ ಕಾಫಿಯಲ್ಲಿ ಏನು ಉಳಿಯುತ್ತೆ? ಚೈನಿನವರು ಇಪ್ಪತ್ತು ರೂಪಾಯಿ ಏರಿಸಿದರೆ ಯಾರೂ ತಲೆ ಎತ್ತಿ ನೋಡಲ್ಲ. ನಿಮ್ಮ ಮಾವ ಎರಡು ರೂಪಾಯಿ ಏರಿಸಲಿ, ಬೀದಿಯೆಲ್ಲ ಪಂಚಾಯಿತಿ.

ಹುಬ್ಬಳ್ಳಿ ಹುಡುಗಿ
ನಮ್ಮ ಕಡೆ ಎಲ್ಲಾ ಚಹಾ ರೀ. ಕಾಫಿ ಚೈನ್ ಬಂದ್ರೂ ಅಲ್ಲಿ ಹೋಗಿ ಸೆಲ್ಫಿ ತಗೊಂಡು ಬರ್ತಾರ, ಆಮ್ಯಾಲೆ ಹೊರಗ ಬಂದು ಕಟ್ಟಿ ಮ್ಯಾಲ ಕೂತು ಕಟ್ ಚಹಾ ಕುಡೀತಾರ. 😄

ಮೂಡಿಗೆರೆ ತೋಟ
ಬೆಳೆಗಾರನ ಕಡೆಯಿಂದ ಒಂದು ಲೆಕ್ಕ ಹೇಳ್ತೀನಿ. ದೇಶದ ಕಾಫಿಯಲ್ಲಿ ಸುಮಾರು ಎಪ್ಪತ್ತು ಪಾಲು ಕರ್ನಾಟಕದ್ದೇ, ಕೊಡಗು, ಚಿಕ್ಕಮಗಳೂರು, ಹಾಸನ ಸೇರಿ. ಹಾಗಾಗಿ ಚೈನ್ ಆಗಲಿ ದರ್ಶಿನಿ ಆಗಲಿ, ಬೀಜ ಬರೋದು ಹೆಚ್ಚುಕಮ್ಮಿ ಒಂದೇ ಗುಡ್ಡದಿಂದ. ಟಾಟಾ ಜೊತೆ ಪಾಲುದಾರಿಕೆ ಮಾಡಿಕೊಂಡು 2012ರಲ್ಲಿ ಮುಂಬೈಯಲ್ಲಿ ಮೊದಲ ಅಂಗಡಿ ತೆಗೆದ ಸ್ಟಾರ್‌ಬಕ್ಸ್ ಕೂಡ ಇಲ್ಲಿನ ಬೀಜಾನೇ ಬಳಸೋದು.

ಕ್ಯಾಪುಚಿನೋಗೆ ಹದಿನೆಂಟು ಗ್ರಾಂ ಹುರಿದ ಪುಡಿ ಅಂತ ಇಟ್ಟುಕೊಳ್ಳಿ. ಹುರಿಯುವಾಗ ತೂಕ ಕಳೆಯೋದನ್ನೂ ಸೇರಿಸಿ, ಈಚಿನ ಅರೇಬಿಕಾ (ರೋಬಸ್ಟಾಗಿಂತ ದುಬಾರಿ ಬೀಜ) ರೇಟಲ್ಲಿ ತೋಟಕ್ಕೆ ಬರೋದು ಹನ್ನೆರಡು ಹದಿನೈದು ರೂಪಾಯಿ. ಇನ್ನೂರೈವತ್ತರಲ್ಲಿ ಅಷ್ಟು. ದರ್ಶಿನಿ ಲೋಟದಲ್ಲಿ ಚಿಕೋರಿ ಕಳೆದರೆ ಎಂಟು ಗ್ರಾಂ ಕಾಫಿ ಇರುತ್ತೆ, ತೋಟಕ್ಕೆ ನಾಲ್ಕೈದು ರೂಪಾಯಿ. ಇಪ್ಪತ್ತರಲ್ಲಿ ನಾಲ್ಕೈದು! ಅಂದರೆ ಗಿರಾಕಿ ಕೊಟ್ಟ ಪ್ರತಿ ರೂಪಾಯಲ್ಲಿ ನಮಗೆ ಜಾಸ್ತಿ ಪಾಲು ಬರೋದು ನಿಂತು ಕುಡಿಯೋ ಅಂಗಡಿಯಿಂದ. ರೈತರ ಫೋಟೋ ಗೋಡೆ ಮೇಲೆ ಹಾಕಿರೋ ಕೆಫೆಗಳಿಗೆ ಹೋದಾಗ ನನಗೆ ಇದು ನೆನಪಾಗಿ ನಗು ಬರುತ್ತೆ. ಆದರೂ ಒಪ್ಪಬೇಕಾದ ಮಾತು, ಒಳ್ಳೆ ಅರೇಬಿಕಾಗೆ ತೋಟದ ಹೆಸರು ಹಾಕಿ ಹೆಚ್ಚು ಬೆಲೆ ಕೊಟ್ಟು ಕೊಳ್ಳೋ ಹೊಸ ರೋಸ್ಟರ್‌ಗಳು, ಅಂದರೆ ಬೀಜ ಹುರಿದು ಮಾರೋರು, ಬಂದಿದ್ದಾರೆ. ದರ್ಶಿನಿಯವರು ಯಾವ ತೋಟ ಅಂತ ಯಾವತ್ತೂ ಕೇಳಿಲ್ಲ.

ಪುಡಿ ಅಂಗಡಿ
@ಮೂಡಿಗೆರೆ ತೋಟ ಕೇಳೋಕೆ ಪುರುಸೊತ್ತೆಲ್ಲಿ ಸ್ವಾಮಿ. ಬೆಳಿಗ್ಗೆ ನಾಲ್ಕೂವರೆಗೆ ಡಿಕಾಕ್ಷನ್ ಹಾಕಿದವನಿಗೆ ರುಚಿ ನಿನ್ನೆ ಇದ್ದ ಹಾಗೇ ಇರಬೇಕು, ಅಷ್ಟೇ. ಪೀಬೆರಿ ಇಷ್ಟು, ಪ್ಲಾಂಟೇಷನ್ ಎ ಇಷ್ಟು, ರೋಬಸ್ಟಾ ಚೆರಿ ಇಷ್ಟು ಅಂತ ಯಾವ ಬಗೆಯ ಬೀಜ ಎಷ್ಟು ಅನ್ನೋ ಬೆರಕೆ ಚೀಟಿ ನಮ್ಮ ಹತ್ರ ಇರುತ್ತೆ. ತೋಟ ಬದಲಾದರೂ ಆ ರುಚಿ ತರೋದು ನಮ್ಮ ಕೆಲಸ.

ಚರ್ಚ್‌ಸ್ಟ್ರೀಟ್ ಚಾಳಿ
ಎಲ್ಲರೂ ಚೈನ್ ಅಂದರೆ ಹೊರಗಿನವರು ಅನ್ನೋ ಹಾಗೆ ಮಾತಾಡ್ತಿದ್ದೀರಿ. ಈ ದೇಶದಲ್ಲಿ ಈಗಿನ ಥರದ ಕೆಫೆ ಚೈನ್ ಹುಟ್ಟಿದ್ದೇ ಇಲ್ಲಿ. 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ. ಆಗ ಅದು ಇಂಟರ್‌ನೆಟ್ ಕೆಫೆ. ಬೆಳೆದ ಬೀಜವನ್ನ ಕಾಫಿ ಬೋರ್ಡಿಗೇ ಒಪ್ಪಿಸಬೇಕಿದ್ದ ಪೂಲ್ ವ್ಯವಸ್ಥೆ ತೊಂಬತ್ತರ ದಶಕದಲ್ಲಿ ಸಡಿಲವಾಗಿ ಬೆಳೆಗಾರರು ತಮ್ಮ ಬೀಜ ತಾವೇ ಮಾರೋ ಹಾಗಾಯ್ತಲ್ಲ, ಆ ಗಾಳಿಯಲ್ಲಿ ಚಿಕ್ಕಮಗಳೂರಿನ ಸಿದ್ಧಾರ್ಥ ತೋಟದಿಂದ ಲೋಟದವರೆಗೂ ಒಂದೇ ಕಂಪನಿ ಅಂತ ಕಟ್ಟಿದ್ದು. 1,700 ದಾಟಿದ್ದ ಕೆಫೆಗಳು ಸಾಲದ ಹೊರೆಗೆ, 2019ರಲ್ಲಿ ಅವರು ತೀರಿಹೋದ ಮೇಲೆ, ಕುಗ್ಗಿ ಕುಗ್ಗಿ ಐನೂರರ ಕೆಳಗೆ ಬಂದವು. ಅದೇ ಅವಧೀಲಿ ಬ್ರಾಹ್ಮಿನ್ಸ್ ಕಾಫಿ ಬಾರ್ ಮುಂದೆ ಕ್ಯೂ ಕಮ್ಮಿ ಆಯ್ತಾ? 1965ರಿಂದ ಅದೇ ಶಂಕರಪುರ, ಅದೇ ನಾಲ್ಕು ತಿಂಡಿ.

ಮಾಜಿ ಬರಿಸ್ತಾ
@ಚರ್ಚ್‌ಸ್ಟ್ರೀಟ್ ಚಾಳಿ ಬ್ರಾಹ್ಮಿನ್ಸ್, ವಿದ್ಯಾರ್ಥಿ ಭವನ, ಸಿಟಿಆರ್ ಹೆಸರು ಎಲ್ಲರೂ ಹೇಳ್ತಾರೆ. ಅವು ಹೆಸರಾದ ಜಾಗಗಳು, ಜನ ಊರಾಚೆಯಿಂದ ಹುಡುಕಿಕೊಂಡು ಬರ್ತಾರೆ. ವಿಜಯನಗರದ ಮಾವನ ಕಾಫಿ ಬಾರ್‌ಗೆ ಅದು ಹೊಂದಲ್ಲ. ಅವರದು ಆ ಎರಡು ಬೀದಿ ಜನರ ಮೇಲೆ ನಿಂತಿರೋ ವ್ಯಾಪಾರ.

ಚರ್ಚ್‌ಸ್ಟ್ರೀಟ್ ಚಾಳಿ
ಸರಿ, ಹೆಸರಾದವರದ್ದೇ ಇನ್ನೊಂದು ಕಡೆ ನೋಡಿ. ಎಂ.ಜಿ. ರಸ್ತೆಯ ಇಂಡಿಯನ್ ಕಾಫಿ ಹೌಸ್ 2009ರಲ್ಲಿ ಆ ಕಟ್ಟಡ ಬಿಡಬೇಕಾಗಿ ಬಂತು, ಚರ್ಚ್ ಸ್ಟ್ರೀಟಿಗೆ ಹೋಯ್ತು. ಮಲ್ಲೇಶ್ವರದ ನ್ಯೂ ಕೃಷ್ಣ ಭವನ 1954ರಿಂದ ಇದ್ದಿದ್ದು, 2023ರ ಡಿಸೆಂಬರ್‌ನಲ್ಲಿ ಜಾಗ ಮಾರಾಟ ಆಗಿ ಮುಚ್ಚಿತು. ಎರಡೂ ಕಡೆ ಗಿರಾಕಿಗಳು ಕೊನೇ ದಿನದವರೆಗೂ ತುಂಬಿ ತುಳುಕ್ತಿದ್ರು. ಯಾವ ಚೈನೂ ಅವರನ್ನ ಸೋಲಿಸಿಲ್ಲ. ನೆಲ ಕಾಲ ಕೆಳಗಿಂದ ಹೋಯ್ತು, ಅಷ್ಟೇ.

ಲೆಕ್ಕದ ಪುಸ್ತಕ
ಇಷ್ಟು ಹೊತ್ತು ಓದ್ತಾ ಇದ್ದೆ. ಈಗ ಬಂತು ನೋಡಿ ವಿಷಯ. ನಾನು ಸಣ್ಣ ಹೋಟೆಲ್, ಬೇಕರಿಗಳ ಲೆಕ್ಕ ನೋಡೋನು. ವಿಜಯನಗರದವರೇ, ಮಾವನ ಕರಾರು ಹೇಗಿದೆ? ಹನ್ನೊಂದು ತಿಂಗಳ ಅಗ್ರಿಮೆಂಟ್, ಛಾಪಾ ಕಾಗದದ ಮೇಲೆ, ರಿಜಿಸ್ಟರ್ ಇಲ್ಲ, ವರ್ಷ ವರ್ಷ ಬಾಯಿ ಮಾತಲ್ಲಿ ಮುಂದುವರಿಕೆ? ಹೌದಾದರೆ ಮಾವನ ನಿದ್ದೆ ಕೆಡಬೇಕಾದ್ದು ಎದುರು ಕಟ್ಟಡದಿಂದಲ್ಲ, ತಮ್ಮ ಕಟ್ಟಡದ ಮಾಲೀಕರಿಂದ.

ಚೈನ್ ಬಂದರೆ ಆ ರಸ್ತೆಯ ಬಾಡಿಗೆಗೆ ಹೊಸ ರೇಟು ಅಂತ ಒಂದು ಹುಟ್ಟುತ್ತೆ. ಅವರು ಬಹಳ ವರ್ಷದ ರಿಜಿಸ್ಟರ್ಡ್ ಲೀಸ್ ಮಾಡಿಕೊಂಡು, ಇಷ್ಟು ವರ್ಷಕ್ಕೆ ಇಷ್ಟು ಶೇಕಡಾ ಏರಿಕೆ ಅಂತ ಬರೆಸಿಕೊಂಡೇ ಒಳಗೆ ಬರೋದು. ಅಷ್ಟು ವರ್ಷ ಅವರಿಗೆ ಖಾತ್ರಿ. ನಿಮ್ಮ ಮಾಲೀಕರು ಎದುರಿನವರ ಬಾಡಿಗೆ ಕೇಳಿಸಿಕೊಂಡು ಮುಂದಿನ ತಿಂಗಳು ಅಂಗಡಿಗೆ ಬಂದು ಕಾಫಿ ಕುಡಿದು, 'ಏನ್ರೀ, ನಾವೂ ಸ್ವಲ್ಪ ನೋಡಬೇಕಲ್ಲ' ಅಂತಾರೆ. ಒಂದು ವರ್ಷಕ್ಕಿಂತ ಹೆಚ್ಚಿನ ಲೀಸ್ ರಿಜಿಸ್ಟರ್ ಆಗದೇ ಇದ್ದರೆ ಆ ಅವಧಿ ಕೋರ್ಟಲ್ಲಿ ನಿಲ್ಲಲ್ಲ. ತಿಂಗಳ ಬಾಡಿಗೆದಾರ ಅಂತ ಲೆಕ್ಕ, ಹದಿನೈದು ದಿನದ ನೋಟಿಸ್ ಸಾಕು. ಕರ್ನಾಟಕ ಬಾಡಿಗೆ ಕಾಯ್ದೆ (1999) ಕಾಪಾಡುತ್ತೆ ಅಂದುಕೊಂಡಿರೋರು ತುಂಬಾ ಜನ. ವಾಣಿಜ್ಯ ಜಾಗ 14 ಚದರ ಮೀಟರ್ ದಾಟಿದರೆ ಅದು ಅನ್ವಯಿಸೋದೇ ಇಲ್ಲ. ಅದರೊಳಗೆ ಇದ್ದರೂ ಬಾಡಿಗೆಯ ಮಿತಿ ಬೇರೆ ಇದೆ, ಇವತ್ತಿನ ಬೆಂಗಳೂರಿನ ಬಾಡಿಗೆ ಅದರ ಹತ್ರಾನೂ ಸುಳಿಯಲ್ಲ.

ಮಷೀನ್‌ಗೆ ಅಂತ ಮಾಡೋ ಸಾಲ ಇದೆಯಲ್ಲ, ಆ ದುಡ್ಡಲ್ಲಿ ಸ್ವಲ್ಪ ಭಾಗ ಅಡ್ವಾನ್ಸ್ ಏರಿಸಿ ಐದು ವರ್ಷದ ಲೀಸ್ ರಿಜಿಸ್ಟರ್ ಮಾಡಿಸಿಕೊಳ್ಳಿ. ಚೈನ್ ಬಾಗಿಲು ತೆಗೆಯೋಕೆ ಮುಂಚೆ.

ಗಾಂಧಿಬಜಾರ್ ಗುಂಡ
ಈ ಟ್ಯಾಕ್ಸ್ ಜನ ಬಂದ ತಕ್ಷಣ ಎಲ್ಲಾ ಭಯ ಹುಟ್ಟಿಸಿಬಿಡ್ತಾರೆ. ಮಾವನ ಮಾಲೀಕರು ಒಳ್ಳೆಯವರೇ ಇರಬಹುದು, ಮೂವತ್ತು ವರ್ಷದ ಪರಿಚಯ ಇರಬಹುದು.

ಲೆಕ್ಕದ ಪುಸ್ತಕ
ಮಾಲೀಕರು ಒಳ್ಳೆಯವರೇ ಇರ್ತಾರೆ ಗುಂಡ ಅವರೇ. ಅವರ ಮಗ ಕೆನಡಾದಿಂದ ಬಂದು ಪಾಲು ಕೇಳೋವರೆಗೂ.

ಸ್ಯಾನ್‌ಹೋಸೆ ಸೋಮು
ಕ್ಯಾಲಿಫೋರ್ನಿಯಾದಿಂದ ಒಂದು ಕಥೆ, ಡೋನಟ್ ಬಗ್ಗೆ ಯಾರೂ ಮಾತಾಡ್ತಿಲ್ಲ ಅಂತ. ಇಲ್ಲಿಗೆ ಬಂದ ಹೊಸದರಲ್ಲಿ ನನಗೆ ಆಶ್ಚರ್ಯ ಆಗಿದ್ದು: ಬೋಸ್ಟನ್ ಕಡೆ ಹೆಜ್ಜೆಗೊಂದು ಡಂಕಿನ್ ಅನ್ನೋ ಡೋನಟ್ ಚೈನ್, ಇಲ್ಲಿ ಮಾತ್ರ ಎಲ್ಲಿ ನೋಡಿದರೂ ಯಾವುದೋ ಹೆಸರಿನ ಒಂಟಿ ಡೋನಟ್ ಅಂಗಡಿ, ಗುಲಾಬಿ ಬಣ್ಣದ ಡಬ್ಬಿ, ಗಲ್ಲಾದಲ್ಲಿ ಕಾಂಬೋಡಿಯಾದ ಅಜ್ಜಿ. ವಿಚಾರಿಸಿದಾಗ ತಿಳೀತು. 1975ರಲ್ಲಿ ನಿರಾಶ್ರಿತರಾಗಿ ಬಂದ ಟೆಡ್ ಎನ್ಗೋಯ್ ಅನ್ನೋರು ವಿಂಚೆಲ್ಸ್ ಅನ್ನೋ ಡೋನಟ್ ಚೈನಲ್ಲೇ ಕೆಲಸ ಕಲಿತು, 1977ರಲ್ಲಿ ಸ್ವಂತ ಅಂಗಡಿ ಕೊಂಡ್ರು. ಆಮೇಲೆ ಒಂದೊಂದೇ ಅಂಗಡಿ ಕೊಂಡು ತಮ್ಮ ದೇಶದವರಿಗೆ, ನೆಂಟರಿಷ್ಟರಿಗೆ ವಹಿಸುತ್ತಾ ಹೋದ್ರು. ಗಂಡ ರಾತ್ರಿ ಎರಡಕ್ಕೆ ಎದ್ದು ಎಣ್ಣೆ ಕಾಯಿಸೋದು, ಹೆಂಡತಿ ಬೆಳಿಗ್ಗೆ ಗಲ್ಲಾ, ಮಕ್ಕಳು ಸ್ಕೂಲಿಗೆ ಮುಂಚೆ ಡಬ್ಬಿ ಮಡಿಸೋದು. ಸಂಬಳ ಅನ್ನೋ ಖರ್ಚೇ ಇಲ್ಲ. ಅವರ ಮುಂದೆ ಚೈನ್‌ಗಳಿಗೆ ಇಲ್ಲಿ ಬೇರು ಬಿಡೋಕೆ ಆಗಲಿಲ್ಲ. ಡಂಕಿನ್ ಈ ರಾಜ್ಯ ಬಿಟ್ಟು ಹೋಗಿ, 2014ರಲ್ಲಿ ಮತ್ತೆ ಬಂತು.

ಈಗ ಆ ಅಂಗಡಿಗಳ ಕಷ್ಟ ಡಂಕಿನ್ ಅಲ್ಲ. ಡಬ್ಬಿ ಮಡಿಸಿದ ಮಕ್ಕಳು ಓದಿ ನನ್ನ ಥರ ಸಾಫ್ಟ್‌ವೇರಿಗೆ ಬಂದುಬಿಟ್ಟಿದ್ದಾರೆ.

ಅರಳಿಕಟ್ಟೆ ಅಯ್ಯಂಗಾರ್
@ಸ್ಯಾನ್‌ಹೋಸೆ ಸೋಮು ಇದು ನಮ್ಮ ಮನೆ ಕಥೇನೇ! ಹಾಸನದ ಕಡೆಯಿಂದ ಬಂದವರು 1898ರಲ್ಲಿ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ಶುರು ಮಾಡಿದ್ದು. ಅಲ್ಲಿಂದ ಅಣ್ಣನ ಅಂಗಡಿಯಲ್ಲಿ ತಮ್ಮ ಕಲಿತು, ತಮ್ಮನ ಅಂಗಡಿಯಲ್ಲಿ ಭಾವಮೈದ ಕಲಿತು, ಬಡಾವಣೆಗೊಂದು ಅಯ್ಯಂಗಾರ್ ಬೇಕರಿ ಆಯ್ತು. ನಮ್ಮ ದೊಡ್ಡಪ್ಪನ ಕಾಲದಲ್ಲಿ ಸೌದೆ ಒಲೆ. ಹಿಂದಿನ ರಾತ್ರಿ ಹಿಟ್ಟು ನಾದಿ ಗೋಣಿ ಹೊದಿಸಿ ಇಡೋರು. ಬೆಳಗಿನ ಜಾವ ಉದ್ದನೆ ಹಲಗೆಯಲ್ಲಿ ತಟ್ಟೆ ಒಳಗೆ ತಳ್ಳಿ, ಮೊದಲು ಬ್ರೆಡ್ಡು, ಕಾವು ಸ್ವಲ್ಪ ಇಳಿದ ಮೇಲೆ ಬನ್ನು, ಪೂರ್ತಿ ಇಳಿದ ಮೇಲೆ ಬೆಣ್ಣೆ ಬಿಸ್ಕತ್ತು. ಒಂದೇ ಬೆಂಕಿಯಲ್ಲಿ ದಿನದ ಎಲ್ಲಾ ಮಾಲು. ಇವತ್ತು ಬೋರ್ಡ್ ಮಾತ್ರ ಅಯ್ಯಂಗಾರ್, ಒಳಗೆ ನಡೆಸೋರು ಯಾರು ಬೇಕಾದರೂ ಇರಬಹುದು. ಅದರಲ್ಲಿ ತಪ್ಪೇನೂ ಇಲ್ಲ, ಖಾರ ಬನ್ ಚೆನ್ನಾಗಿದ್ದರೆ ಸಾಕು.

ಡೋನಟ್ ವಿಚಾರಕ್ಕೆ ಬಂದರೆ, ಡಂಕಿನ್ 2012ರಲ್ಲಿ ಈ ದೇಶಕ್ಕೆ ಬಂದು ಸ್ವಲ್ಪ ಕಾಲದಲ್ಲೇ ಬರ್ಗರ್ ಮಾರೋಕೆ ಶುರು ಮಾಡ್ತು. ಯಾಕೆ? ಬೆಳಿಗ್ಗೆ ಎದ್ದು ಸಿಹಿ ತಿನ್ನೋ ಜನ ನಾವಲ್ಲ. ಬೆಳಿಗ್ಗೆ ಬಿಸಿ, ಖಾರ, ಮೆತ್ತಗಿರೋದು ಬೇಕು. ಸಂಜೆ ಆರಕ್ಕೆ ಕಾಫಿ ಜೊತೆ ನಾಲಿಗೆಗೆ ಏನಾದರೂ ಬೇಕು ಅಂದರೆ ಖಾರ ಬನ್, ಕಾಂಗ್ರೆಸ್ ಕಡಲೆಬೀಜ, ನಿಪ್ಪಟ್ಟು. ಡೋನಟ್ ಅಂದರೆ ನಮ್ಮಲ್ಲಿ ಬರ್ತ್‌ಡೇಗೆ, ಆಫೀಸ್ ಪಾರ್ಟಿಗೆ ಆರು ಕಟ್ಟಿಸಿಕೊಂಡು ಹೋಗೋ ಪದಾರ್ಥ. ಹಾಗಾಗಿ ಡೋನಟ್ ಅಂಗಡಿಯಿಂದ ಏಟು ಬಿದ್ದರೆ ಬೀಳೋದು ಬೇಕರಿಯ ಪೇಸ್ಟ್ರಿಗೆ, ನಿಮ್ಮ ಮಾವನ ಬೋಂಡಕ್ಕಲ್ಲ.

ಮೆಲ್ಬರ್ನ್ ಮಲ್ಲಿಗೆ
ಇಲ್ಲಿ ಸ್ಟಾರ್‌ಬಕ್ಸ್ 2008ರಲ್ಲಿ ಒಂದೇ ಏಟಿಗೆ 84ರಲ್ಲಿ 61 ಅಂಗಡಿ ಮುಚ್ಚಿತು. ಇಟಲಿ, ಗ್ರೀಸಿಂದ ಬಂದವರ ಕೆಫೆಗಳು ಮೂಲೆಮೂಲೆಯಲ್ಲಿ ಇದ್ದವು, ಜನರಿಗೆ ಒಳ್ಳೆ ಎಸ್‌ಪ್ರೆಸೋ ಮೊದಲೇ ಗೊತ್ತಿತ್ತು. ಲೋಕಲ್ ಗೆಲ್ಲುತ್ತೆ. ❤️

ಮಾಜಿ ಬರಿಸ್ತಾ
ಅಕ್ಕಾ, ಆ ಉದಾಹರಣೆ ಇಲ್ಲಿಗೆ ಅಷ್ಟಾಗಿ ಕೂರಲ್ಲ. ಅಲ್ಲಿ ಇಬ್ಬರೂ ಒಂದೇ ಮಾಲು ಮಾರ್ತಿದ್ರು, ಒಬ್ಬರದು ಚೆನ್ನಾಗಿತ್ತು. ಇಲ್ಲಿ ಎರಡು ಬೇರೆ ಬೇರೆ ಅಂಗಡಿ. ಆದರೆ ಗಡಿ ಅಳಿಸಿಹೋಗ್ತಿದೆ, ಅದನ್ನ ಹೇಳಲೇಬೇಕು. ಸ್ಟಾರ್‌ಬಕ್ಸ್ 2023ರಲ್ಲಿ ಫಿಲ್ಟರ್ ಕಾಫಿ, ಸಣ್ಣ ಅಳತೆಯ ಲೋಟ ಎರಡನ್ನೂ ತಂತು. ಈ ಕಡೆ ಹಟ್ಟಿ ಕಾಪಿ ಫಿಲ್ಟರ್ ಕಾಫಿಯನ್ನೇ ಚೈನ್ ಮಾಡಿ ಏರ್‌ಪೋರ್ಟಿಗೆ, ಟೆಕ್ ಪಾರ್ಕಿಗೆ ತಗೊಂಡು ಹೋಯ್ತು. ರಾಮೇಶ್ವರಂ ಕೆಫೆ ಬಂದ ಮೇಲಂತೂ ದರ್ಶಿನಿ ತಿಂಡಿಗೂ ಬ್ರ್ಯಾಂಡ್, ಹೂಡಿಕೆ, ಶಾಖೆ. ಮಾವನಿಗೆ ನಿಜವಾದ ಪೈಪೋಟಿ ಬಂದರೆ ಅಲ್ಲಿಂದ ಬರುತ್ತೆ, ಅದೇ ಲೋಟ ಬಟ್ಟಲು ಇಟ್ಟುಕೊಂಡಿರೋರಿಂದ.

ಕುಂದಾಪ್ರ ಮಾಣಿ
ನನ್ನ ಮಟ್ಟಿಗೆ ದೊಡ್ಡ ಪೆಟ್ಟು ಚೈನೂ ಅಲ್ಲ ಬಾಡಿಗೆಯೂ ಅಲ್ಲ ಮಾರಾಯ್ರೇ, ಜನ ಇಲ್ಲ. ನಮ್ಮೂರಿಂದ ಹುಡುಗ್ರು ಬಸ್ಸು ಹತ್ತಿ ಹೋಟೆಲ್ ಕೆಲಸಕ್ಕೆ ಬರೋ ಕಾಲ ಮುಗೀತು. ಎಸ್ಸೆಸ್ಸೆಲ್ಸಿ ಮುಗಿಸಿದವನು ಡೆಲಿವರಿ ಬೈಕ್ ಹತ್ತುತ್ತಾನೆ, ಇಲ್ಲ ಚೈನಲ್ಲಿ ಟೋಪಿ ಹಾಕಿಕೊಂಡು ನಿಲ್ತಾನೆ. ಅಲ್ಲಿ ಪಿಎಫ್ ಉಂಟು, ವಾರಕ್ಕೊಂದು ರಜೆ ಉಂಟು. ನಮ್ಮ ದರ್ಶಿನಿ ಮಾಲೀಕರು ಹುಡುಗರನ್ನ ಅಟ್ಟದ ಮೇಲೆ ಮಲಗಿಸಿ ಹದಿನಾಲ್ಕು ಗಂಟೆ ದುಡಿಸಿಕೊಂಡ ದಿನಗಳನ್ನ ಯಾರೂ ಈ ಥ್ರೆಡ್‌ನಲ್ಲಿ ಹೇಳ್ತಿಲ್ಲ. ಲೋಕಲ್ ಅಂದ ಕೂಡಲೇ ಪುಣ್ಯಕ್ಷೇತ್ರ ಏನಲ್ಲ.

ಪುಡಿ ಅಂಗಡಿ
ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ನಿಜ.

ಗಾಂಧಿಬಜಾರ್ ಗುಂಡ
ಎಲ್ಲಾ ಮಾಲೀಕರೂ ಹಾಗಲ್ಲ. ಹುಡುಗರಿಗೆ ಮದುವೆ ಮಾಡಿಸಿ, ಅಂಗಡಿ ಹಾಕಿಕೊಟ್ಟವರೂ ಇದ್ದಾರೆ.

ಕುಂದಾಪ್ರ ಮಾಣಿ
ಇದ್ದಾರೆ. ಎರಡೂ ಉಂಟು ಅಂತಲೇ ನಾನು ಹೇಳಿದ್ದು.

ಲೆಕ್ಕದ ಪುಸ್ತಕ
ಇನ್ನೊಂದು ಮಾತು. 2025ರ ಜುಲೈ ನೆನಪಿದೆಯಾ? ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ಅಂಗಡಿಗಳಿಗೆ ನೋಟಿಸ್ ಕೊಟ್ಟಾಗ ಊರ ತುಂಬ ಕ್ಯೂಆರ್ ಕೋಡ್ ಕಿತ್ತು 'ಕ್ಯಾಷ್ ಮಾತ್ರ' ಅಂತ ಅಂಟಿಸಿದ್ರು. ಪ್ರತಿಭಟನೆ ಅಂತ ಹಾಲು ಹಾಕದೆ ಕಪ್ಪು ಕಾಫಿ, ಕಪ್ಪು ಟೀ ಕೊಟ್ರು. ಚೈನ್‌ಗಳಿಗೆ ಆ ವಾರ ಅದರ ಬಿಸಿ ತಟ್ಟಲಿಲ್ಲ. ಅವರ ಪ್ರತಿ ಬಿಲ್ಲೂ ಕಂಪ್ಯೂಟರಲ್ಲಿ. ಮಾವನ ವಹಿವಾಟು ವರ್ಷಕ್ಕೆ ಒಂದೂವರೆ ಕೋಟಿ ಒಳಗೆ ಇರುತ್ತೆ ಅಂದುಕೊಳ್ತೀನಿ. ಜಿಎಸ್‌ಟಿಯಲ್ಲಿ ಸಣ್ಣ ವ್ಯಾಪಾರಿಗಳಿಗೆ ಇರೋ ಕಾಂಪೋಸಿಷನ್ ಯೋಜನೆಯಲ್ಲಿ ನೋಂದಾಯಿಸಿ, ಶೇ. 5 ಕಟ್ಟಿ, ತಲೆ ಎತ್ತಿ ವ್ಯಾಪಾರ ಮಾಡಲಿ. ಗಿರಾಕಿ ಹತ್ರ ಬೇರೆಯಾಗಿ ತೆರಿಗೆ ವಸೂಲಿ ಮಾಡೋ ಹಾಗಿಲ್ಲ, ಅದನ್ನ ರೇಟಲ್ಲೇ ಸೇರಿಸಬೇಕು. ಲೆಕ್ಕ ಸರಿ ಇದ್ದರೆ ಬ್ಯಾಂಕ್ ಸಾಲವೂ ಕಡಿಮೆ ಬಡ್ಡಿಗೆ ಸಿಗುತ್ತೆ, ಮಾಲೀಕರ ಮುಂದೆ ಮಾತಿಗೂ ತೂಕ ಬರುತ್ತೆ.

ವಿಜಯನಗರದವ
ಇಷ್ಟು ಜನ ಬರೆದಿದ್ದಕ್ಕೆ ಧನ್ಯವಾದ. ಮಾವನಿಗೆ ಫೋನಲ್ಲಿ ಎಲ್ಲಾ ಓದಿ ಹೇಳಿದೆ. ಲೆಕ್ಕದ ಪುಸ್ತಕ ಸಾರ್ ಊಹಿಸಿದ್ದು ಸರಿ, ಹನ್ನೊಂದು ತಿಂಗಳ ಕಾಗದವೇ, ಅದೂ ಮುಗಿದು ಬಹಳ ಕಾಲ ಆಗಿದೆ. ಮಾವ ಮಾಲೀಕರನ್ನ ಕಂಡು ಬಂದ್ರು. ಐದು ವರ್ಷಕ್ಕೆ ರಿಜಿಸ್ಟರ್ ಮಾಡಿಕೊಡೋಕೆ ಒಪ್ಪಿದ್ದಾರೆ, ಆದರೆ ಈಗಿನ ಬಾಡಿಗೆ ಮೇಲೆ ಕಾಲು ಭಾಗ ಏರಿಕೆ, ವರ್ಷಕ್ಕೆ ಶೇ. 5, ಅಡ್ವಾನ್ಸ್ ಹತ್ತು ತಿಂಗಳದ್ದು, ಅದರಲ್ಲಿ ಅರ್ಧ ಕ್ಯಾಷ್ ಕೇಳ್ತಿದ್ದಾರೆ. ಮಷೀನ್ ಆಸೆಯನ್ನ ಅತ್ತೆ ಬಿಟ್ಟಿದ್ದಾರೆ, ಟೇಬಲ್ ಆಸೆ ಇನ್ನೂ ಇದೆ. ವಯಸ್ಸಾದವರಿಗೆ ಎರಡು ಸ್ಟೂಲ್ ಆದರೂ ಬೇಕು ಅಂತಾರೆ.

ಮಾಜಿ ಬರಿಸ್ತಾ
ಎರಡು ಸ್ಟೂಲ್ ಹಾಕಿ. ಅತ್ತೆ ಹೇಳಿದ್ದು ಸರಿ. ಬೆನ್ನಿಲ್ಲದ ಸ್ಟೂಲ್ ಮಾತ್ರ.

ಲೆಕ್ಕದ ಪುಸ್ತಕ
ಕಾಲು ಭಾಗ ಜಾಸ್ತಿ ಆಯ್ತು, ಆದರೆ ಎದುರಿನವರ ಬಾಡಿಗೆ ಗೊತ್ತಾದ ಮೇಲೆ ಇಷ್ಟಕ್ಕೂ ಒಪ್ಪಲ್ಲ. ಏರಿಕೆ ಶೇ. 15ಕ್ಕೆ ಕೇಳಿ, ಶೇ. 20ಕ್ಕೆ ನಿಲ್ಲಿಸಿ. ಅಡ್ವಾನ್ಸ್ ಒಂದು ರೂಪಾಯಿಯೂ ಕ್ಯಾಷ್ ಬೇಡ, ಪೂರ್ತಿ ಚೆಕ್ ಅಥವಾ ಬ್ಯಾಂಕ್ ಮೂಲಕ, ಮೊತ್ತ ಕರಾರಿನಲ್ಲೇ ಬರೆಸಿ. ಮಾಲೀಕರು ಕಟ್ಟಡ ಮಾರಿದರೂ ಕೊಂಡವರಿಗೆ ಈ ಲೀಸ್ ಅನ್ವಯಿಸುತ್ತೆ ಅನ್ನೋ ಸಾಲು ಇರಲೇಬೇಕು. ಕಟ್ಟಡದ ಖಾತೆ ಯಾರ ಹೆಸರಲ್ಲಿದೆ ಅಂತ ಮೊದಲು ನೋಡಿ. ಅಣ್ಣತಮ್ಮಂದಿರ ಜಂಟಿ ಆಸ್ತಿ ಆಗಿದ್ದರೆ ಎಲ್ಲರ ಸಹಿ ಬೇಕು. ಕರಡು ಬಂದ ಮೇಲೆ ಹೆಸರು, ವಿಳಾಸ ಅಳಿಸಿ ಇಲ್ಲೇ ಹಾಕಿ, ನೋಡಿ ಹೇಳ್ತೀನಿ.